ಅಡುಗೆಮನೆ ಬಂದ ಮೇಲೆ ಬಂದ ದೆವ್ವ

ಪ್ರಶ್ನೆ: ಇತ್ತೀಚೆಗೆ ಮನೆಯವರೆಲ್ಲ ಒಂದು ಹಳೇ ಬಂಗಲೆಗೆ ಊಟಕ್ಕೆ ಹೋಗಿದ್ದೆವು. ನೂರು ವರ್ಷಕ್ಕಿಂತ ಹಳೇದಂತೆ, ಈಗ ರೆಸ್ಟೋರೆಂಟ್ ಮಾಡಿದ್ದಾರೆ. ಮೊದಲ ಮಾಲೀಕರ ಹೆಂಡತಿ ಅಲ್ಲಿನ ಮರದ ಮೆಟ್ಟಿಲಿಂದ ಬಿದ್ದು ತೀರಿಕೊಂಡರಂತೆ, ಈಗಲೂ ಅಲ್ಲೇ ಓಡಾಡುತ್ತಾರಂತೆ ಎಂದು ವೇಟರ್ ಹೇಳಿದರು. ಕೈ ತೊಳೆಯಲು ಮಹಡಿಗೆ ಹೋಗುವಾಗ ಮೆಟ್ಟಿಲ ತಿರುವಿನಲ್ಲಿ ನನಗೆ ಇದ್ದಕ್ಕಿದ್ದಂತೆ ಚಳಿ ಹತ್ತಿತು. ವಾಪಸ್ ಬಂದು ಕೂತರೆ, ಮೇಜಿನ ಮೇಲಿದ್ದ ಬಿಸಿ ಬಟ್ಟಲು ಯಾರೂ ಮುಟ್ಟದೆ ನಾಲ್ಕು ಬೆರಳಷ್ಟು ಸರಿಯಿತು. ರಾತ್ರಿ ಮುಚ್ಚಿದ ಮೇಲೆ ಮಹಡಿಯಲ್ಲಿ ಹೆಜ್ಜೆ ಸದ್ದು ಕೇಳುತ್ತದೆ ಅಂತಲೂ ಅಲ್ಲಿಯವರು ಹೇಳಿದರು. ಹತ್ತು ವರ್ಷದ ಮಗಳು ಆವತ್ತಿನಿಂದ ಒಬ್ಬಳೇ ಮಲಗುತ್ತಿಲ್ಲ. ಇದರಲ್ಲಿ ನಿಜ ಎಷ್ಟು?

ಉತ್ತರ: ನಿಮಗೆ ಚಳಿ ಹತ್ತಿದ್ದು ನಿಜ. ಬಟ್ಟಲು ಸರಿದಿದ್ದೂ ನಿಜ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಇಂಥದ್ದನ್ನು ಹೇಳಿಕೊಂಡವರಿಗೆ 'ಅದೆಲ್ಲ ನಿಮ್ಮ ಭ್ರಮೆ' ಅಂತ ಬಾಯಿ ಮುಚ್ಚಿಸುವವರೇ ಜಾಸ್ತಿ. ಹಾಗೆ ಮಾಡಿದರೆ ಭಯ ಹೋಗುವುದಿಲ್ಲ. ಹೇಳುವುದನ್ನು ನಿಲ್ಲಿಸುತ್ತಾರೆ, ಅಷ್ಟೇ.

ನಾನು ಹಳೇ ಕಟ್ಟಡಗಳನ್ನು ದುರಸ್ತಿ ಮಾಡಿಸುವ ಕೆಲಸದಲ್ಲಿರುವವನು. ದೆವ್ವದ ಮಾತು ಬಂದಾಗ ನಾನು ಮೊದಲು ಕೇಳುವುದು ಒಂದೇ ಪ್ರಶ್ನೆ: ಇದು ಯಾವಾಗಿನಿಂದ? ಅಲ್ಲಿ ಜನ ಸಂಸಾರ ಮಾಡಿಕೊಂಡಿದ್ದಾಗ ಇತ್ತೇ, ಇಲ್ಲಾ ರೆಸ್ಟೋರೆಂಟ್ ಆದ ಮೇಲೆ ಶುರುವಾಯಿತೇ? ಸಾಮಾನ್ಯವಾಗಿ ಸಿಗುವ ಉತ್ತರ ಎರಡನೆಯದು. ಮೂರು ತಲೆಮಾರು ಅದೇ ಮೆಟ್ಟಿಲು ಹತ್ತಿ ಇಳಿದ ಮನೆಯವರಿಗೆ ಏನೂ ಕಾಣಿಸಿರುವುದಿಲ್ಲ. ಅಡುಗೆಮನೆ ದೊಡ್ಡದಾಗಿ, ಎಕ್ಸಾಸ್ಟ್ ಫ್ಯಾನ್ ಕೂರಿಸಿ, ಗಿರಾಕಿಗಳು ಬರಲು ಶುರುವಾದ ಮೇಲೆ ಎಲ್ಲ ಶುರು. ನಿಮ್ಮ ಬಂಗಲೆಯಲ್ಲಿ ಏನಾಗುತ್ತಿದೆ ಅಂತ ತಿಳಿಯಲು ಇದಕ್ಕಿಂತ ಒಳ್ಳೇ ಸುಳಿವು ಇಲ್ಲ.

ಮನೆಯನ್ನು ಹೋಟೆಲ್ ಮಾಡಿದಾಗ ಕಟ್ಟಡಕ್ಕೆ ಆಗುವ ದೊಡ್ಡ ಬದಲಾವಣೆ ಬಣ್ಣವೂ ಅಲ್ಲ, ಮೇಜು ಕುರ್ಚಿಯೂ ಅಲ್ಲ. ಗಾಳಿ. ಒಲೆಗಳ ಮೇಲಿನ ದೊಡ್ಡ ಫ್ಯಾನ್ ಹೊಗೆ, ಜಿಡ್ಡು, ಬಿಸಿ ಎಲ್ಲವನ್ನೂ ಎಳೆದು ಹೊರಗೆ ಹಾಕುತ್ತದೆ. ಎಷ್ಟು ಗಾಳಿ ಹೊರಗೆ ಹೋಯಿತೋ ಅಷ್ಟು ಗಾಳಿ ಎಲ್ಲಿಂದಲಾದರೂ ಒಳಗೆ ಬರಲೇಬೇಕು. ಹೊಸ ಕಟ್ಟಡಗಳಲ್ಲಿ ಅದಕ್ಕೆ ಬೇರೆ ದಾರಿ ಮಾಡಿರುತ್ತಾರೆ. ಹಳೇ ಕಟ್ಟಡಗಳಲ್ಲಿ ಇದನ್ನು ಮರೆಯುವುದೇ ಹೆಚ್ಚು. ಆಗ ಇಡೀ ಕಟ್ಟಡ ಒಳಗೊಳಗೇ ಗಾಳಿಗೆ ಹಸಿದಿರುತ್ತದೆ. ಕಿಟಕಿ ಸಂದು, ಅಟ್ಟ, ಬಳಸದೆ ಬಿಟ್ಟ ಹಳೇ ಚಿಮಣಿ, ನೆಲದ ಹಲಗೆಗಳ ಸಂದಿ, ಎಲ್ಲಿ ತೂತು ಸಿಕ್ಕರೂ ಅಲ್ಲಿಂದ ಗಾಳಿ ಎಳೆದುಕೊಳ್ಳುತ್ತದೆ. ಮಹಡಿಯನ್ನೂ ಕೆಳಗನ್ನೂ ಸೇರಿಸುವ ಮೆಟ್ಟಿಲು ಈ ಗಾಳಿಗೆ ಹೆದ್ದಾರಿ. ಮೇಲಿನ ತಣ್ಣನೆಯ ಗಾಳಿ ಭಾರ, ಹಾಗಾಗಿ ಅದು ಮೆಟ್ಟಿಲ ಮೇಲೆ ತೆಳ್ಳಗೆ ಕೆಳಗೆ ಹರಿಯುತ್ತದೆ. ತಿರುವಿನಲ್ಲಿ ಗೋಡೆಗೆ ತಾಗಿ ಅಲ್ಲೇ ಸುತ್ತುತ್ತದೆ. ಬಿಸಿ ಅಡುಗೆ, ಜನ, ದೀಪ ಇದ್ದ ಕೋಣೆಯಿಂದ ಎದ್ದು ಬಂದ ನಿಮ್ಮ ಬೆವರಿದ ಕತ್ತಿಗೆ ಅದು ತಾಗಿತು. ಮೈ ಜುಂ ಅನ್ನದೆ ಇನ್ನೇನಾಗುತ್ತದೆ?

ಇಂಗ್ಲೆಂಡಿನ ಹ್ಯಾಂಪ್ಟನ್ ಕೋರ್ಟ್ ಅರಮನೆಯ ಕಥೆ ಇದಕ್ಕೆ ತುಂಬ ಹತ್ತಿರ. ಎಂಟನೇ ಹೆನ್ರಿಯ ಐದನೇ ಹೆಂಡತಿ ಕ್ಯಾಥರೀನ್ ಹಾವರ್ಡ್ ಅಲ್ಲಿನ ಒಂದು ಮೊಗಸಾಲೆಯಲ್ಲಿ ಕಿರುಚುತ್ತ ಓಡುತ್ತಾಳೆ ಅಂತ ಪ್ರತೀತಿ. ಆಕೆಯ ತಲೆ ಕಡಿದಿದ್ದು 1542ರ ಫೆಬ್ರವರಿಯಲ್ಲಿ, ಅದೂ ಲಂಡನ್ ಟವರಿನಲ್ಲಿ. ಮನಶ್ಶಾಸ್ತ್ರಜ್ಞ ರಿಚರ್ಡ್ ವೈಸ್‌ಮನ್ ತಂಡ ಆ ಅರಮನೆಯಲ್ಲೂ ಎಡಿನ್‌ಬರೋದ ಹಳೇ ನೆಲಮಾಳಿಗೆಗಳಲ್ಲೂ ಜನರನ್ನು ಓಡಾಡಿಸಿ, ಎಲ್ಲೆಲ್ಲಿ ಏನೇನು ಅನಿಸಿತು ಅಂತ ಬರೆಸಿಕೊಂಡಿತು. ಆ ಅಧ್ಯಯನ 2003ರಲ್ಲಿ ಪ್ರಕಟವಾಯಿತು. ವಿಚಿತ್ರ ಅನಿಸಿದ ಜಾಗಗಳು ಎಲ್ಲೆಂದರಲ್ಲಿ ಚದುರಿರಲಿಲ್ಲ. ಬೇರೆ ಬೇರೆ ಜನ ಅದೇ ಅದೇ ಜಾಗಗಳನ್ನು ತೋರಿಸಿದರು. ಅಂದರೆ ಜನ ಸುಮ್ನೆ ಕಲ್ಪಿಸಿಕೊಂಡಿರಲಿಲ್ಲ, ಆ ಜಾಗಗಳಲ್ಲಿ ಏನೋ ಇತ್ತು. ಬೆಳಕು ಎಷ್ಟಿದೆ, ಕೋಣೆ ಎಷ್ಟು ದೊಡ್ಡದು ಎಂಬಂಥ ಸಂಗತಿಗಳ ಜೊತೆ ಆ ಅನುಭವಗಳು ತಾಳೆಯಾದವು. ಅರಮನೆಯಲ್ಲಿ ಚಳಿ ಹತ್ತಿದ ಕಡೆ ನೋಡಿದರೆ, ಗೋಡೆಯಲ್ಲಿ ಮರೆಯಾಗಿದ್ದ ಹಳೇ ಬಾಗಿಲುಗಳ ಸಂದಿನಿಂದ ಗಾಳಿ ನುಗ್ಗುತ್ತಿತ್ತು.

ಇನ್ನು ಬಟ್ಟಲು. ಇದನ್ನು ಇವತ್ತೇ ಮನೆಯಲ್ಲಿ ಮಗಳ ಜೊತೆ ಮಾಡಿ ನೋಡಬಹುದು. ತಳದಲ್ಲಿ ಉಂಗುರದಂಥ ಅಂಚಿದ್ದು, ನಡುವೆ ಸ್ವಲ್ಪ ಟೊಳ್ಳಾಗಿರುವ ಒಂದು ಬಟ್ಟಲು ತೆಗೆದುಕೊಳ್ಳಿ. ನುಣುಪಾದ ಮೇಜನ್ನು ಒದ್ದೆ ಬಟ್ಟೆಯಿಂದ ಒರೆಸಿ, ತೇವ ಹಾಗೇ ಇರಲಿ. ಬಟ್ಟಲಿಗೆ ಕುದಿಯುವ ನೀರು ಹಾಕಿ ಅದರ ಮೇಲಿಡಿ. ಬಿಸಿ ನೀರಿನ ಹತ್ತಿರ ಮಗು ಕೈ ಚಾಚದಂತೆ ನೋಡಿಕೊಳ್ಳಿ. ಅಂಚಿನ ಸುತ್ತಲಿನ ನೀರು ತಳದ ಗಾಳಿಯನ್ನು ಒಳಗೇ ಕಟ್ಟಿಹಾಕುತ್ತದೆ. ಬಟ್ಟಲಿನ ಬಿಸಿಗೆ ಆ ಗಾಳಿ ಕಾದು ಹಿಗ್ಗುತ್ತದೆ. ಹೊರಗೆ ಹೋಗಲು ದಾರಿ ಇಲ್ಲದೆ ಬಟ್ಟಲನ್ನೇ ಕೂದಲೆಳೆಯಷ್ಟು ಮೇಲೆತ್ತುತ್ತದೆ. ಈಗ ಬಟ್ಟಲು ನೀರಿನ ಪದರದ ಮೇಲೆ ತೇಲುತ್ತಿದೆ ಅಂದರೂ ಸರಿ. ಮೇಜು ಒಂಚೂರು ವಾಲಿದ್ದರೆ ಸಾಕು, ಬಟ್ಟಲು ಹೊರಟಿತು. ಸ್ವಲ್ಪ ದೂರ ಹೋಗಿ, ಗಾಳಿ ತಪ್ಪಿಸಿಕೊಂಡ ಕೂಡಲೇ ಗಕ್ಕನೆ ನಿಲ್ಲುತ್ತದೆ. ಹೊರಟಿದ್ದೂ ನಿಂತಿದ್ದೂ ಯಾರೋ ಕೈಯಿಂದ ತಳ್ಳಿ ಬಿಟ್ಟ ಹಾಗೇ ಕಾಣುತ್ತದೆ.

ಒಂದೇ ಸಲಕ್ಕೆ ಆಗದಿದ್ದರೆ ಮೇಜಿನ ಒಂದು ಕಾಲಿನ ಕೆಳಗೆ ಮಡಚಿದ ಕಾಗದ ಇಡಿ. ನೂರು ವರ್ಷದ ಕಟ್ಟಡದಲ್ಲಿ ಆ ಕಾಗದವೂ ಬೇಕಿಲ್ಲ. ಮರದ ತೊಲೆ ಇದ್ದರೆ ನಡುವೆ ಬಾಗಿರುತ್ತದೆ, ನೆಲ ಸಮ ಇರುವುದಿಲ್ಲ. ರೆಸ್ಟೋರೆಂಟಿನಲ್ಲಿ ಪ್ರತಿ ಗಿರಾಕಿ ಎದ್ದ ಮೇಲೂ ಒದ್ದೆ ಬಟ್ಟೆಯಲ್ಲಿ ಮೇಜು ಒರೆಸುತ್ತಾರೆ, ಅದರ ಮೇಲೆ ಒಲೆಯಿಂದ ಇಳಿಸಿದ ಬಿಸಿ ಪಾತ್ರೆ ತಂದಿಡುತ್ತಾರೆ. ಇದಕ್ಕೆ ಬೇಕಾದ ಎಲ್ಲವೂ ಅಲ್ಲಿ ದಿನವಿಡೀ ತಯಾರಾಗಿರುತ್ತದೆ.

ತಣ್ಣನೆಯ ಲೋಟವೂ ಕಪಾಟಿನಿಂದ ತಾನಾಗಿ ಬಿತ್ತು ಅಂತ ಕೆಲವರು ಹೇಳುತ್ತಾರೆ. ಅದಕ್ಕೆ ಕಾರಣ ಬೇರೆ, ಅದುರಿಕೆ. 2013ರಲ್ಲಿ ಮ್ಯಾಂಚೆಸ್ಟರ್ ಮ್ಯೂಸಿಯಂನಲ್ಲಿ ಒಂದು ಪುಟ್ಟ ಈಜಿಪ್ಟ್ ವಿಗ್ರಹ ಬೀಗ ಹಾಕಿದ ಗಾಜಿನ ಪೆಟ್ಟಿಗೆಯೊಳಗೆ ತಾನಾಗಿ ತಿರುಗುತ್ತಿತ್ತು. ನೆಬ್-ಸೆನು ಎಂಬಾತನದು, ಕ್ರಿಸ್ತಪೂರ್ವ 1800ರ ಆಸುಪಾಸಿನದು. ಫೇರೋಗಳ ಶಾಪ ಅಂತ ಲೋಕವೆಲ್ಲ ಗುಲ್ಲಾಯಿತು. ಕ್ಯಾಮೆರಾ ಇಟ್ಟು ನೋಡಿದರೆ ಅದು ತಿರುಗುತ್ತಿದ್ದುದು ಹಗಲು ಹೊತ್ತಿನಲ್ಲಿ, ಜನ ಓಡಾಡುವಾಗ. ಅದುರಿಕೆ ಅಳೆಯುವ ಉಪಕರಣ ಕೂರಿಸಿದ ಮೇಲೆ ಗುಟ್ಟು ತಿಳಿಯಿತು. ನೋಡಲು ಬಂದವರ ಹೆಜ್ಜೆ, ರಸ್ತೆಯ ವಾಹನಗಳು, ಜೊತೆಗೆ ವಿಗ್ರಹದ ತಳದಲ್ಲಿ ಒಂದು ಸಣ್ಣ ಉಬ್ಬು. ಇಷ್ಟೇ. ನಿಮ್ಮ ಬಂಗಲೆಯಲ್ಲಿ ಮಹಡಿಯ ತುಂಬ ಜನ ಓಡಾಡುತ್ತಾರೆ, ಕೆಳಗೆ ಫ್ರಿಜ್‌ಗಳ ಮೋಟಾರು ಓಡುತ್ತಿರುತ್ತದೆ. ಲೋಟ ಸಾಲಿನಲ್ಲಿ ದಿನಕ್ಕೆ ಕೂದಲೆಳೆಯಷ್ಟು ಮುಂದೆ ಬರುತ್ತದೆ. ಬೀಳುವ ದಿನ ಮಾತ್ರ ಎಲ್ಲರಿಗೂ ಗೊತ್ತಾಗುತ್ತದೆ.

ರಾತ್ರಿಯ ಹೆಜ್ಜೆ ಸದ್ದಿಗೆ ಹೆಚ್ಚು ಹೇಳಬೇಕಿಲ್ಲ. ದಿನವಿಡೀ ಒಲೆಯ ಶಾಖ ಮೇಲಕ್ಕೆ ಏರಿ ಮಹಡಿಯ ಹಲಗೆ, ತೊಲೆ, ಕೊಳವೆ ಎಲ್ಲ ಹಿಗ್ಗಿರುತ್ತವೆ. ಬೆಂಕಿ ಆರಿಸಿದ ಮೇಲೆ ಅವು ಕುಗ್ಗಲು ಶುರು. ಮೊಳೆಗೆ ಸಿಕ್ಕಿಕೊಂಡ ಹಲಗೆ ಸ್ವಲ್ಪ ಹೊತ್ತು ತಡೆದು, ಆಮೇಲೆ ಟಕ್ ಅಂತ ಬಿಡುತ್ತದೆ. ಅದರ ಪಕ್ಕದ್ದು ಇನ್ನೊಂದು ಗಳಿಗೆ ಬಿಟ್ಟು. ಒಂದರ ಹಿಂದೆ ಒಂದು, ನಡೆದಂತೆಯೇ. ಗಿರಾಕಿಗಳ ಗದ್ದಲ ನಿಂತು, ಎಣಿಕೆ ಮುಗಿಸಿ ಒಬ್ಬರೇ ಬೀಗ ಹಾಕುವ ಹೊತ್ತಿಗೆ ಸರಿಯಾಗಿ ಇದು ಕೇಳುತ್ತದೆ. ಆ ಕೆಲಸಗಾರರು ಸುಳ್ಳು ಹೇಳುತ್ತಿಲ್ಲ.

ಇಲ್ಲಿ ವಿಕ್ ಟ್ಯಾಂಡಿ ಎಂಬ ಇಂಜಿನಿಯರ್ ಹೆಸರು ಹೇಳದಿದ್ದರೆ ಉತ್ತರ ಅರ್ಧ ಆಗುತ್ತದೆ. ಇಂಗ್ಲೆಂಡಿನ ಕಾವೆಂಟ್ರಿಯವರು. ವೈದ್ಯಕೀಯ ಉಪಕರಣ ತಯಾರಿಸುವ ಲ್ಯಾಬಿನಲ್ಲಿ ಒಂದು ರಾತ್ರಿ ಒಬ್ಬರೇ ಇದ್ದಾಗ ಮೈ ಬೆವರಿ ತಣ್ಣಗಾಯಿತು, ಕಣ್ಣಂಚಿನಲ್ಲಿ ಬೂದು ಬಣ್ಣದ ಆಕೃತಿ ಕಂಡಿತು. ತಿರುಗಿ ನೋಡಿದರೆ ಮಾಯ. ಮರುದಿನ ಕತ್ತಿವರಸೆಯ ಕತ್ತಿಯನ್ನು ಸರಿಮಾಡಲು ಇಕ್ಕಳಕ್ಕೆ ಸಿಕ್ಕಿಸಿದಾಗ ಅದರ ಅಲಗು ತಾನಾಗಿ ಅದುರತೊಡಗಿತು. ಭಯಪಟ್ಟು ಓಡುವ ಬದಲು ಆ ಕತ್ತಿಯನ್ನು ಕೋಣೆಯುದ್ದಕ್ಕೂ ಸರಿಸುತ್ತ ಎಲ್ಲಿ ಹೆಚ್ಚು ಅದುರುತ್ತದೆ, ಎಲ್ಲಿ ನಿಲ್ಲುತ್ತದೆ ಅಂತ ನೋಡಿದರು. ಕೊನೆಗೆ ಸಿಕ್ಕಿದ್ದು ಹೊಸದಾಗಿ ಕೂರಿಸಿದ್ದ ಒಂದು ಎಕ್ಸಾಸ್ಟ್ ಫ್ಯಾನ್. ಅದು ಸುಮಾರು 19 ಹರ್ಟ್ಜ್‌ನ, ಕಿವಿಗೆ ಕೇಳದಷ್ಟು ಕೆಳಗಿನ ಸದ್ದು ಹುಟ್ಟಿಸುತ್ತಿತ್ತು. ಫ್ಯಾನಿನ ಜೋಡಣೆ ಬದಲಿಸಿದರು, ಕಾಟ ನಿಂತಿತು. 1998ರಲ್ಲಿ ಇದನ್ನು ಬರೆದು ಪ್ರಕಟಿಸಿದರು. ಕಾಣದ ಆಕೃತಿಯ ಎದುರು ಕತ್ತಿ ಹಿಡಿದು ಅಳತೆ ಮಾಡಿದ ಆ ಮನುಷ್ಯನ ಬಗ್ಗೆ ನನಗೆ ಬಹಳ ಗೌರವ.

ಆದರೆ ಈ ಕಥೆಯನ್ನು ಅಲ್ಲಿಗೇ ನಿಲ್ಲಿಸಿ, ಎಲ್ಲ ದೆವ್ವಕ್ಕೂ ಈ ಕೇಳದ ಸದ್ದೇ ಕಾರಣ ಅನ್ನುವವರ ಮಾತು ನಾನು ಒಪ್ಪುವುದಿಲ್ಲ. ಲಂಡನ್ನಿನ ಸಂಶೋಧಕರು ಅದೇ ಬಗೆಯ ಸದ್ದು, ಕಾಂತಕ್ಷೇತ್ರ ಎರಡನ್ನೂ ಬೇಕೆಂದೇ ಹುಟ್ಟಿಸುವ ಒಂದು ಕೋಣೆ ಕಟ್ಟಿ, 79 ಜನರನ್ನು ಒಬ್ಬೊಬ್ಬರಾಗಿ 50 ನಿಮಿಷ ಒಳಗೆ ಬಿಟ್ಟರು. ಫಲಿತಾಂಶ ಬಂದಿದ್ದು 2009ರಲ್ಲಿ. ತುಂಬ ಜನಕ್ಕೆ ವಿಚಿತ್ರ ಅನುಭವಗಳೇನೋ ಆದವು. ಆದರೆ ಸದ್ದು ಹಾಕಿದ್ದರೂ, ಹಾಕದಿದ್ದರೂ ಆದವು. ಏನೋ ಆಗಬಹುದು ಅಂತ ಮೊದಲೇ ಹೇಳಿದ್ದರಿಂದ, ಬೇಗ ಮನಸ್ಸಿಗೆ ಹಚ್ಚಿಕೊಳ್ಳುವವರಿಗೆ ಆಗಿದ್ದಿರಬಹುದು ಅನ್ನುವುದು ಅವರ ಅಂದಾಜು.

ಮೊದಲೇ ಹೇಳಿದ್ದು. ನಿಮ್ಮ ವಿಷಯದಲ್ಲಿ ತೂಕದ ಸಂಗತಿ ಇದು. ವೇಟರ್ ಕಥೆ ಹೇಳಿದ ಮೇಲೆ ನೀವು ಮೆಟ್ಟಿಲು ಹತ್ತಿದಿರಿ, ಅಲ್ವಾ? 1997ರಲ್ಲಿ ಲ್ಯಾಂಗ್ ಮತ್ತು ಹೌರನ್ ಎಂಬ ಇಬ್ಬರು ಸಂಶೋಧಕರು ದೆವ್ವದ ಸುದ್ದಿಯೇ ಇಲ್ಲದ ಒಂದು ಹಳೇ ರಂಗಮಂದಿರಕ್ಕೆ ಎರಡು ಗುಂಪುಗಳನ್ನು ಕರೆದೊಯ್ದರು. ಒಂದು ಗುಂಪಿಗೆ ಇಲ್ಲಿ ದೆವ್ವ ಇದೆಯಂತೆ ಅಂದರು. ಇನ್ನೊಂದಕ್ಕೆ ಇಲ್ಲಿ ದುರಸ್ತಿ ನಡೆಯುತ್ತಿದೆ ಅಂದರು. ಅದೇ ಕೋಣೆ, ಅದೇ ಗೋಡೆ. ಮೊದಲ ಗುಂಪಿನವರಿಗೆ ಅನುಭವಗಳು ಎಷ್ಟೋ ಜಾಸ್ತಿ. ಕಥೆ ಕೇಳದೆ ಹೋಗಿದ್ದರೆ ನೀವೂ ಆ ತಿರುವಿನಲ್ಲಿ 'ಇಲ್ಲೆಲ್ಲೋ ಕಿಟಕಿ ತೆರೆದಿದೆ' ಅಂದುಕೊಂಡು ಮೇಲೆ ಹೋಗುತ್ತಿದ್ದಿರಿ. ಹಗ್ಗ ಇದ್ದದ್ದು ನಿಜ, ಅದನ್ನು ಹಾವು ಮಾಡಿದ್ದು ಕಥೆ.

ಹಾಗಾದರೆ ಆ ಕಥೆ? ಮೆಟ್ಟಿಲಿಂದ ಬಿದ್ದ ಹೆಂಗಸು? ನಾನು ಹೆಚ್ಚು ತಲೆಕೆಡಿಸಿಕೊಳ್ಳುವುದು ಇದರ ಬಗ್ಗೆ. ಗಾಳಿಗೆ, ಹಲಗೆಗೆ ನೋವಾಗುವುದಿಲ್ಲ. ಒಬ್ಬ ಹೆಂಗಸು ನಿಜವಾಗಿ ಬದುಕಿ ಹೋಗಿದ್ದರೆ, ಆಕೆಯ ಸಾವನ್ನು ಊಟದ ಜೊತೆ ಬಡಿಸುವ ಮೊದಲು ಅದು ನಿಜವೇ ಅಂತ ನೋಡಬೇಕಾದ್ದು ನ್ಯಾಯ.

ದೆವ್ವದ ಕಥೆಗಳಿಗೆ ಒಂದು ಹಳೇ ಅಚ್ಚು ಇದೆ. ರೋಮಿನ ಪ್ಲಿನಿ ಸುಮಾರು 1900 ವರ್ಷಗಳ ಹಿಂದೆ ಒಂದು ಪತ್ರದಲ್ಲಿ ಅಥೆನ್ಸಿನ ಮನೆಯೊಂದರ ಬಗ್ಗೆ ಬರೆದಿದ್ದಾನೆ. ರಾತ್ರಿ ಸರಪಳಿ ಸದ್ದು, ಗಡ್ಡದ ಮುದುಕನ ಪ್ರೇತ, ಯಾರೂ ಬಾಡಿಗೆಗೆ ಬಾರದೆ ಮನೆ ಅಗ್ಗ. ಅಥೆನೊಡೊರಸ್ ಎಂಬ ತತ್ತ್ವಜ್ಞಾನಿ ಅಲ್ಲಿಗೆ ಬಂದು, ಪ್ರೇತ ತೋರಿಸಿದ ಜಾಗ ಅಗೆಸಿದಾಗ ಸರಪಳಿ ಸುತ್ತಿದ ಮೂಳೆ ಸಿಕ್ಕವಂತೆ. ಅನ್ಯಾಯದ ಸಾವು, ತೀರದ ಆಸೆ, ಅದೇ ಜಾಗ. ಇವತ್ತಿನ ರೆಸ್ಟೋರೆಂಟ್ ಕಥೆಗಳಲ್ಲೂ ಅದೇ ಅಚ್ಚು. ಮೋಸ ಹೋದ ಮದುಮಗಳು, ಮೆಟ್ಟಿಲಿಂದ ಬಿದ್ದ ಯಜಮಾನಿ, ಕೊಲೆಯಾದ ಕೆಲಸದ ಹುಡುಗಿ. ಹೆಸರು ಮಾತ್ರ ಬೇರೆ ಬೇರೆ.

ನ್ಯೂಯಾರ್ಕಿನಲ್ಲಿ ಹಳೇ ಸಾರೋಟು ಮನೆಯೊಂದು ರೆಸ್ಟೋರೆಂಟ್ ಆಗಿದೆ. ಅದು ಅಮೆರಿಕದ ಉಪಾಧ್ಯಕ್ಷನಾಗಿದ್ದ ಆರನ್ ಬರ್‌ನದು ಅಂತ ಹೇಳುತ್ತಾರೆ. ಅವನ ಮಗಳು ಥಿಯೊಡೋಸಿಯಾ ಅಲ್ಲಿ ಓಡಾಡುತ್ತಾಳೆ, ಹೆಂಗಸರ ಕಿವಿಯೋಲೆ ಎಳೆಯುತ್ತಾಳೆ ಅನ್ನುವುದು ಅಲ್ಲಿನ ಕಥೆ. ಈ ಥಿಯೊಡೋಸಿಯಾಳ ಬದುಕು ದಾಖಲೆಯಲ್ಲಿದೆ. ಆಕೆ ದಕ್ಷಿಣ ಕೆರೊಲಿನಾದ ಗವರ್ನರ್ ಹೆಂಡತಿ. 1812ರಲ್ಲಿ ಇದ್ದೊಬ್ಬ ಮಗ ಹತ್ತನೇ ವಯಸ್ಸಿಗೆ ಜ್ವರದಿಂದ ತೀರಿಕೊಂಡ. ಆ ದುಃಖದಲ್ಲಿ, ವರ್ಷಗಳಿಂದ ನೋಡದ ಅಪ್ಪನನ್ನು ನೋಡಲು ಅದೇ ವರ್ಷದ ಕೊನೇ ದಿನ ಹಡಗು ಹತ್ತಿ ನ್ಯೂಯಾರ್ಕಿಗೆ ಹೊರಟಳು. ಹಡಗು ತಲುಪಲೇ ಇಲ್ಲ. ಆಗ ಆಕೆಗೆ 29 ವರ್ಷ. ಇಂಥ ತಾಯಿಯನ್ನು ಕಿವಿಯೋಲೆ ಎಳೆಯುವವಳು ಮಾಡಿದರೆ ನನಗೆ ಸಂಕಟ ಆಗುತ್ತದೆ. ಅವಳ ನಿಜವಾದ ಕಥೆಯನ್ನೇ ಹೇಳಿದ್ದರೆ ಕೇಳಿದವರು ಊಟ ಬಿಟ್ಟು ಕೂರುತ್ತಿದ್ದರು.

ಗೌರವದಿಂದ ನಡೆದುಕೊಳ್ಳುವವರೂ ಇದ್ದಾರೆ. ನ್ಯೂ ಆರ್ಲಿಯನ್ಸ್‌ನ ಮ್ಯೂರಿಯಲ್ಸ್ ರೆಸ್ಟೋರೆಂಟಿನಲ್ಲಿ ಹಳೇ ಮಾಲೀಕ ಜೋರ್ಡಾನ್ ಎಂಬಾತನಿಗೆ ಅಂತ ಒಂದು ಮೇಜು ಬಿಟ್ಟು, ರೊಟ್ಟಿ ಮತ್ತು ವೈನ್ ಇಡುತ್ತಾರೆ. ಜೂಜಿನಲ್ಲಿ ಮನೆ ಸೋತು ಅಲ್ಲೇ ಪ್ರಾಣ ಕಳೆದುಕೊಂಡ ಅನ್ನುವುದು ಅವರು ಹೇಳುವ ಕಥೆ. ಕಥೆ ಹೇಗೇ ಇರಲಿ, ಸತ್ತವನಿಗೆ ಒಂದು ಎಲೆ ಹಾಕುವ ಈ ರೀತಿ ನನಗೆ ಹಿಡಿಸುತ್ತದೆ. ಕ್ಯಾಲಿಫೋರ್ನಿಯಾದ ಕಡಲ ದಂಡೆಯಲ್ಲಿರುವ ಮಾಸ್ ಬೀಚ್ ಡಿಸ್ಟಿಲರಿಯದು ಬೇರೆ ಬಗೆ. 1927ರಲ್ಲಿ, ಮದ್ಯ ನಿಷೇಧದ ಕಾಲದಲ್ಲಿ ಶುರುವಾದ ಜಾಗ. ನೀಲಿ ಬಟ್ಟೆಯ ಹೆಂಗಸಿನ ದೆವ್ವಕ್ಕೆ ಹೆಸರುವಾಸಿ. 2008ರಲ್ಲಿ ಟಿವಿ ಕಾರ್ಯಕ್ರಮವೊಂದರ ತಂಡ ಹೋಗಿ ನೋಡಿದಾಗ, ನಗುವ ಸದ್ದು ಬರಿಸುವ ಸ್ಪೀಕರ್, ಮುಖ ಮೂಡಿಸುವ ಕನ್ನಡಿ, ತಾನಾಗಿ ತೂಗುವ ದೀಪ ಎಲ್ಲ ಕೂರಿಸಿದ್ದು ಪತ್ತೆಯಾಯಿತು. ನಿಮ್ಮ ಬಂಗಲೆಯವರು ಹಾಗೆ ಮಾಡಿದ್ದಾರೆ ಅಂತ ನಾನು ಹೇಳುತ್ತಿಲ್ಲ. ನೀವು ಬರೆದಿದ್ದಕ್ಕೆ ಯಾವ ಯಂತ್ರವೂ ಬೇಕಿಲ್ಲ.

ಕಥೆ ಪರೀಕ್ಷಿಸುವುದು ಕಷ್ಟದ ಕೆಲಸ ಅಲ್ಲ. ಆ ಮನೆ ಯಾರ್ಯಾರ ಕೈ ಬದಲಾಯಿತು ಅಂತ ಹಳೇ ಕ್ರಯಪತ್ರ, ತೆರಿಗೆ ಪುಸ್ತಕಗಳಲ್ಲಿ ಸಿಗುತ್ತದೆ. ಮೊದಲ ಮಾಲೀಕರ ಹೆಂಡತಿ ಯಾವಾಗ, ಎಲ್ಲಿ, ಯಾವ ಕಾರಣಕ್ಕೆ ತೀರಿಕೊಂಡರು ಅಂತ ಮರಣ ನೋಂದಣಿಯಲ್ಲಿ ಇರಬಹುದು. ದೊಡ್ಡ ಮನೆಯ ಯಜಮಾನಿ ಮೆಟ್ಟಿಲಿಂದ ಬಿದ್ದು ಸತ್ತಿದ್ದರೆ ಆ ಕಾಲದ ಪತ್ರಿಕೆಯಲ್ಲಿ ನಾಲ್ಕು ಸಾಲಾದರೂ ಬಂದಿರುತ್ತದೆ. ಮೆಟ್ಟಿಲನ್ನೂ ನೋಡಿ. ಎಷ್ಟೋ ಕಡೆ ಕಥೆಯ ಮೆಟ್ಟಿಲು ಆಕೆ ಸತ್ತ ಮೇಲೆ ಕಟ್ಟಿದ್ದು. ಮರದ ಕೊರೆತ, ಮೊಳೆಯ ಬಗೆ ನೋಡಿ ಅದರ ವಯಸ್ಸು ಅಂದಾಜು ಮಾಡಬಹುದು. ಹಾಗೇ, ದೆವ್ವದ ಕಥೆ ಮೊದಲು ಅಚ್ಚಾಗಿದ್ದು ಯಾವಾಗ ಅಂತ ಹುಡುಕಿ. ರೆಸ್ಟೋರೆಂಟ್ ತೆರೆದ ವರ್ಷಕ್ಕಿಂತ ಹಿಂದಿನ ಒಂದೇ ಒಂದು ಸಾಲು ಸಿಗದಿದ್ದರೆ, ಆಕೆಯ ಸಾವಿಗೂ ಈ ಕಥೆಗೂ ಸಂಬಂಧ ಇಲ್ಲ ಅಂತಲೇ ನಾನು ತಿಳಿಯುತ್ತೇನೆ.

ನೀವು ಕೇಳದ ಒಂದು ವಿಷಯವನ್ನು ಹೇಳಲೇಬೇಕು. 1921ರಲ್ಲಿ ವಿಲ್ಮರ್ ಎಂಬ ಅಮೆರಿಕದ ಕಣ್ಣಿನ ವೈದ್ಯರು ಒಂದು ಕುಟುಂಬದ ಅನುಭವ ಪ್ರಕಟಿಸಿದರು. 1912ರಲ್ಲಿ ಹಳೇ ದೊಡ್ಡ ಮನೆಗೆ ಬಂದ ಮೇಲೆ ಅವರಿಗೆ ಹೆಜ್ಜೆ ಸದ್ದು ಕೇಳುತ್ತಿತ್ತು, ಯಾರೋ ಹಿಂದೆ ನಿಂತಂತೆ ಅನಿಸುತ್ತಿತ್ತು. ತಲೆನೋವು, ಸುಸ್ತು ಬಿಡುತ್ತಿರಲಿಲ್ಲ. ಮಕ್ಕಳು ಸೊರಗಿದರು, ಕುಂಡದ ಗಿಡಗಳು ಒಣಗಿದವು. ಕಾರಣ ಮನೆ ಬೆಚ್ಚಗಿಡುವ ಕುಲುಮೆ ಕೆಟ್ಟು, ಹೊಗೆ ಚಿಮಣಿಗೆ ಹೋಗದೆ ಕೋಣೆಗಳಿಗೆ ಬರುತ್ತಿದ್ದುದು. ಅದರಲ್ಲಿ ಕಾರ್ಬನ್ ಮೊನಾಕ್ಸೈಡ್ ಇರುತ್ತದೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ, ಅದು ಜೀವವನ್ನೇ ತೆಗೆಯುತ್ತದೆ. ಮೇಲೆ ಹೇಳಿದ ಗಾಳಿಗೆ ಹಸಿದ ಕಟ್ಟಡದಲ್ಲಿ ಫ್ಯಾನು ಚಿಮಣಿಯ ಹೊಗೆಯನ್ನೂ ಒಳಗೆ ವಾಪಸ್ ಎಳೆಯಬಹುದು. ನೀವು ಒಂದು ಸಂಜೆ ಹೋಗಿ ಬಂದವರು, ನಿಮಗೆ ಭಯ ಇಲ್ಲ. ದಿನಕ್ಕೆ ಹತ್ತು ಗಂಟೆ ಅಲ್ಲಿ ದುಡಿಯುವವರ ಮಾತು ಬೇರೆ. ಆ ವೇಟರಿಗೆ ಫೋನ್ ಮಾಡಿ ಕೇಳಿ: ಹೆಜ್ಜೆ ಸದ್ದು ಕೇಳುವವರಿಗೆ ತಲೆನೋವು, ಓಕರಿಕೆ, ಮಂಪರು ಇದೆಯೇ? ಹೊರಗೆ ಬಂದರೆ ಸರಿಹೋಗುತ್ತದೆಯೇ? ಹೌದು ಅಂದರೆ ಒಲೆ ಆರಿಸಿ, ಎಲ್ಲರೂ ಹೊರಗೆ ಬಂದು, ಗ್ಯಾಸ್ ಮತ್ತು ಚಿಮಣಿ ಪರೀಕ್ಷೆ ಮಾಡಿಸುವವರೆಗೆ ಒಳಗೆ ಹೋಗಬಾರದು. ತಲೆನೋವು ಬಿಡದವರು ಅವತ್ತೇ ವೈದ್ಯರಿಗೆ ತೋರಿಸಬೇಕು. ಇಲ್ಲ ಅಂದರೂ ಕಾರ್ಬನ್ ಮೊನಾಕ್ಸೈಡ್ ಅಲಾರಂ ಒಂದನ್ನು ಕೂರಿಸಲು ಹೇಳಿ.

ಮಗಳ ವಿಷಯ. ದೆವ್ವ ಇಲ್ಲ ಮಲಕ್ಕೋ ಅಂದರೆ ಮಗು ಮಲಗುವುದಿಲ್ಲ, ಅವಳು ಬಟ್ಟಲು ಸರಿದಿದ್ದನ್ನು ಕಣ್ಣಾರೆ ಕಂಡಿದ್ದಾಳೆ. ಮೊದಲು ಬಟ್ಟಲಿನ ಪ್ರಯೋಗ ಮಾಡಿ. ಅವಳೇ ಮೇಜು ಒರೆಸಲಿ, ಕುದಿ ನೀರು ನೀವು ಹಾಕಿ. ಸರಿಯುವವರೆಗೆ ಮಾಡಿ, ಮತ್ತೆ ಒಣ ಮೇಜಿನ ಮೇಲೆ ಮಾಡಿ, ಸರಿಯದಿರುವುದನ್ನೂ ನೋಡಲಿ. ಆಮೇಲೆ ಅವಳು ಒಪ್ಪಿದರೆ ಮಾತ್ರ, ಹಗಲು ಹೊತ್ತಿನಲ್ಲಿ ಇನ್ನೊಮ್ಮೆ ಆ ಬಂಗಲೆಗೆ ಕರೆದುಕೊಂಡು ಹೋಗಿ. ಮೆಟ್ಟಿಲ ತಿರುವಿನಲ್ಲಿ ಒಂದು ತೆಳು ಕಾಗದದ ಪಟ್ಟಿ ಅವಳ ಕೈಗೆ ಕೊಡಿ. ಅಡುಗೆಮನೆಯವರನ್ನು ಕೇಳಿಕೊಂಡು, ಒಲೆ ಹಚ್ಚುವ ಮೊದಲು ಫ್ಯಾನ್ ಒಮ್ಮೆ ಹಾಕಿಸಿ, ಒಮ್ಮೆ ಆರಿಸಿ. ಪಟ್ಟಿ ಯಾವ ಕಡೆ ಬಾಗುತ್ತದೆ, ಯಾವಾಗ ನೆಟ್ಟಗಾಗುತ್ತದೆ ಅಂತ ಅವಳೇ ಹೇಳಲಿ.